ಎಐ ಬಂದ ಮೇಲೆ ಡಿಟಿಪಿ ಅಂಗಡಿ ಏನು ಮಾಡಬೇಕು?

ಪ್ರಶ್ನೆ: ತಾಲ್ಲೂಕು ಕಚೇರಿ ಎದುರಿಗೆ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಬ್ಬರು ಆಪರೇಟರ್‌ಗಳಿದ್ದಾರೆ. ಹಿರಿಯರಿಗೆ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಮತ್ತು ಪೇಜ್‌ಮೇಕರ್ (ಪುಟ ಕಟ್ಟುವ ತಂತ್ರಾಂಶ) ಬಿಟ್ಟರೆ ಬೇರೆ ರೂಢಿಯಿಲ್ಲ, ಆದರೆ ಟೈಪಿಂಗ್‌ನಲ್ಲಿ ಅವರನ್ನು ಮೀರಿಸುವವರಿಲ್ಲ. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಊರಿನ ಲೇಖಕರ ಪುಸ್ತಕ, ಒಂದಿಷ್ಟು ಭಾಷಾಂತರ ನಮ್ಮ ಕೆಲಸ. ಈಗ ಗಿರಾಕಿಗಳು ಮೊಬೈಲಿನಲ್ಲೇ ಎಐ ಹತ್ತಿರ ಬರೆಸಿಕೊಂಡು ಬಂದು ‘ಪ್ರಿಂಟ್ ಒಂದು ಕೊಡಿ ಸಾಕು’ ಅನ್ನುತ್ತಿದ್ದಾರೆ. ಒಬ್ಬರನ್ನು ಬಿಡಿಸಬೇಕೇ? ದುಡ್ಡು ಕೊಟ್ಟು ಎಐ ತೆಗೆದುಕೊಳ್ಳಬೇಕೇ? ಆಪರೇಟರ್ ಏನು ಕಲಿಯಬೇಕು?

ಉತ್ತರ: ಮೊದಲಿಗೆ, ಯಾರನ್ನೂ ಬಿಡಿಸಬೇಡಿ. ಅದರಲ್ಲೂ ಹಿರಿಯ ಆಪರೇಟರನ್ನು ಬಿಡಿಸಿದರೆ ನಿಮ್ಮ ಅಂಗಡಿಗೂ ಮೊಬೈಲ್ ಹಿಡಿದ ಗಿರಾಕಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಎರಡನೆಯದು, ಪುಟಕ್ಕಿಷ್ಟು ಎಂಬ ಟೈಪಿಂಗ್ ದರ ಇಳಿಯುತ್ತದೆ, ಅದನ್ನು ಹಿಡಿದಿಡಲು ಆಗುವುದಿಲ್ಲ. ಹೆಸರು, ಅಂಕಿ, ಒತ್ತಕ್ಷರ ತಪ್ಪಿಲ್ಲದೆ ಕಾಗದದ ಮೇಲೆ ಬರುವುದಕ್ಕೆ ಜವಾಬ್ದಾರಿ ಹೊರುವವರು ಬೇಕಲ್ಲ, ಇನ್ನು ಮುಂದೆ ನೀವು ದರ ಹಾಕಬೇಕಾದದ್ದು ಆ ಕೆಲಸಕ್ಕೆ. ಮೂರನೆಯದು, ಮೊದಲ ತಿಂಗಳು ಯಾವ ಎಐಗೂ ಒಂದು ರೂಪಾಯಿ ಕಟ್ಟಬೇಡಿ.

ಆ ತಿಂಗಳಲ್ಲಿ ಮಾಡಬೇಕಾದ ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು. ಎರಡು ವಾರ, ಬಂದ ಪ್ರತಿ ಕೆಲಸದ ಎದುರು ನಾಲ್ಕು ಅಂಕಿ ಬರೆದಿಡಿ: ಟೈಪಿಂಗ್‌ಗೆ ಎಷ್ಟು ನಿಮಿಷ, ತಿದ್ದುವುದಕ್ಕೆ ಎಷ್ಟು, ಪುಟ ಕಟ್ಟುವುದಕ್ಕೆ ಎಷ್ಟು, ಗಿರಾಕಿ ಪಕ್ಕದಲ್ಲಿ ಕೂತು ‘ಅದನ್ನು ಸ್ವಲ್ಪ ಮೇಲೆ ತನ್ನಿ’ ಅಂದದ್ದಕ್ಕೆ ಎಷ್ಟು. ಎಐ ಉಳಿಸಿಕೊಡುವುದು ಮೊದಲ ಅಂಕಿಯನ್ನು ಮಾತ್ರ. ಲಗ್ನಪತ್ರಿಕೆಯಲ್ಲಿ ಹೊತ್ತು ಹೋಗುವುದು ಕೊನೆಯ ಎರಡಕ್ಕೆ, ಪುಸ್ತಕದಲ್ಲಿ ಮೊದಲ ಎರಡಕ್ಕೆ. ಹಾಗಾಗಿ ಎಐಯನ್ನು ಮೊದಲು ತರಬೇಕಾದದ್ದು ಪುಸ್ತಕ ಮತ್ತು ಹಳೆಯ ಕಾಗದದ ಕೆಲಸಕ್ಕೆ. ಬಹಳ ಅಂಗಡಿಗಳು ಇದನ್ನು ತಲೆಕೆಳಗು ಮಾಡಿ ‘ಎಐ ಡಿಸೈನ್’ ಎಂದು ಬೋರ್ಡು ಬರೆಸಿಬಿಡುತ್ತವೆ. ಆ ಬೋರ್ಡಿನ ಕೆಲಸವನ್ನು ಗಿರಾಕಿ ಮನೆಯಲ್ಲೇ ಪುಕ್ಕಟೆ ಮಾಡಿಕೊಳ್ಳುತ್ತಾನೆ.

ಅದಕ್ಕೂ ಮುಂಚೆ ಅಡಿಪಾಯ ಸರಿ ಮಾಡಿಕೊಳ್ಳಬೇಕು, ಅಂದರೆ ಯೂನಿಕೋಡ್, ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಸಂಕೇತ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗಲ್ಲ. ಫಾಂಟ್ ತೆಗೆದು ನೋಡಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೆರೆ ಹೊತ್ತ ಅಕ್ಷರಗಳ ಕಲಸುಮೇಲೋಗರ. ಅದನ್ನು ಎಐಗೆ ಅಂಟಿಸಿದರೆ ಒಂದೋ ಅರ್ಥವಾಗಲಿಲ್ಲ ಅನ್ನುತ್ತದೆ, ಇಲ್ಲವೇ ತನಗೆ ತೋಚಿದ್ದನ್ನು ಬರೆಯುತ್ತದೆ. ನಿಮ್ಮಲ್ಲಿರುವ ವರ್ಷಗಳ ಹಳೆಯ ಫೈಲುಗಳು ಉಪಯೋಗಕ್ಕೆ ಬರಬೇಕಾದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಲೇಬೇಕು. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕ ಇದೆ.

ಪರಿವರ್ತನೆಯಲ್ಲಿ ಕೆಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಆದ್ದರಿಂದ ಇಂಗ್ಲಿಷ್ ಭಾಗಗಳನ್ನು ಮೊದಲೇ ಗುರುತು ಹಾಕಿಟ್ಟು ಆಮೇಲೆ ಕೈಯಿಂದ ಸೇರಿಸಿ. ಹಳೆಯ ಟೈಪಿಂಗ್‌ನಲ್ಲಿ ದೀರ್ಘ ಮೊದಲೋ ಒತ್ತಕ್ಷರ ಮೊದಲೋ ಎಂಬುದು ತೆರೆಯ ಮೇಲೆ ತಿಳಿಯುತ್ತಿರಲಿಲ್ಲ, ಯಾವ ಕ್ರಮದಲ್ಲಿ ಒತ್ತಿದರೂ ಸರಿಯಾಗೇ ಕಾಣುತ್ತಿತ್ತು. ಪರಿವರ್ತಿಸುವಾಗ ಅದು ಬಯಲಾಗುತ್ತದೆ. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಸೂಯ೯’, ‘ವಷ೯’ ಎಂದು ಮಾಡಿದ್ದು, ಅನುಸ್ವಾರದ ಬದಲು ಸೊನ್ನೆ ‘೦’ ಒತ್ತಿದ್ದು ಹಾಗೆಯೇ ಉಳಿಯುತ್ತದೆ. ಮುದ್ರಣದಲ್ಲಿ ಯಾರೂ ಗಮನಿಸದ ಈ ಚಾಳಿಗಳು ಎಐ ಮುಂದೆ ತಪ್ಪು ಪದಗಳಾಗುತ್ತವೆ. ವರ್ಡ್‌ನಲ್ಲಿ ‘ಫೈಂಡ್’ ತೆರೆದು ೯ ಮತ್ತು ೦ ಎರಡನ್ನೂ ಹುಡುಕಿ ಒಂದೊಂದಾಗಿ ನೋಡಿ. ‘ರೀಪ್ಲೇಸ್ ಆಲ್’ ಒತ್ತಬೇಡಿ, ನಿಜವಾದ ಅಂಕಿಗಳೂ ಹೋಗಿಬಿಡುತ್ತವೆ. ಕೊನೆಯದಾಗಿ ‘ರ್‍ಯಾಂಕ್’ ಮತ್ತು ‘ಸಾಫ್ಟ್‌ವೇರ್’ ಎಂಬ ಎರಡು ಪದ ಹುಡುಕಿ. ಅವು ಸರಿ ಬಂದಿದ್ದರೆ ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಕಣ್ಣಿಗೆ ಕಾಣದ ಗುರುತುಗಳು ಉಳಿದಿವೆ ಎಂದು ಅರ್ಥ.

ಹಿರಿಯ ಆಪರೇಟರ್ ಹೆದರಬೇಕಾಗಿಲ್ಲ. ನುಡಿಯ ಕೀಲಿಮಣೆ ವಿನ್ಯಾಸವನ್ನೇ ಇಟ್ಟುಕೊಂಡು ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು, ಬೆರಳಿನ ಅಭ್ಯಾಸ ಒಂದಕ್ಷರವೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಬರುವುದೇ ಇಲ್ಲ. ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿ, ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬರುತ್ತವೆ. ದುಡ್ಡು ಬೇಡವೆಂದರೆ ಲಿಬ್ರೆ ಆಫೀಸ್ ಅಥವಾ ಸ್ಕ್ರೈಬಸ್. ಯಾವುದೇ ಹೊಸ ತಂತ್ರಾಂಶಕ್ಕೆ ‘ಶ್ರೀಕ್ಷೇತ್ರ, ರಾಷ್ಟ್ರ, ಅರ್ಘ್ಯ, ರ್‍ಯಾಂಕ್’ ಎಂಬ ಒಂದು ಸಾಲು ಅಂಟಿಸಿ ಪಿಡಿಎಫ್ ಮಾಡಿ ಮುದ್ರಿಸಿ ನೋಡಿ. ತೆರೆಯ ಮೇಲೆ ಸರಿಯಿದ್ದು ಪಿಡಿಎಫ್‌ನಲ್ಲಿ ಕೆಡುವುದೂ ಉಂಟು.

ಈಗ ಹಳೆಯ ಪುಸ್ತಕ, ಸ್ಮರಣ ಸಂಚಿಕೆಗಳ ಕೆಲಸಕ್ಕೆ ಬರೋಣ. ಮುದ್ರಿತ ಪುಟವನ್ನು ಟೈಪ್ ಮಾಡುವ ಕಾಲ ಮುಗಿಯಿತು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ), ಬೂದು ಬಣ್ಣದಲ್ಲಿ, ಸಾಲುಗಳು ವಾಲದಂತೆ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳೇ ಬರುತ್ತವೆ. ಇಡೀ ಪುಸ್ತಕವನ್ನು ಒಮ್ಮೆಗೇ ಹಾಕಬೇಡಿ, ಹತ್ತು ಹತ್ತು ಪುಟ ಮಾಡಿ. ಎರಡು ಅಂಕಣದ ಪುಟವಾದರೆ ಅಂಕಣಗಳನ್ನು ಕತ್ತರಿಸಿ ಬೇರೆ ಚಿತ್ರ ಮಾಡಿ, ಇಲ್ಲವಾದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಳ್ಳುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕಗಳಲ್ಲಿ ಪ–ಷ, ಘ–ಫ, ಬ–ಭ, ದ–ಧ ಗಲಿಬಿಲಿ ಸಾಮಾನ್ಯ. ಸವೆದ ಮೊಳೆಯಲ್ಲಿ ಮಹಾಪ್ರಾಣದ ಸೀಳು ಮೂಡಿರುವುದಿಲ್ಲ, ಯಂತ್ರ ಅದನ್ನು ಅಲ್ಪಪ್ರಾಣ ಎಂದೇ ಓದುತ್ತದೆ.

ಇದೇ ಪುಟದ ಫೋಟೋವನ್ನು ಚಾಟ್‌ಜಿಪಿಟಿ, ಜೆಮಿನಿಯಂಥ ಚಾಟ್‌ಗೆ ಕೊಟ್ಟರೂ ಓದಿಕೊಡುತ್ತದೆ, ನೋಡಲು ಇನ್ನೂ ಚೊಕ್ಕಟವಾಗಿರುತ್ತದೆ. ಅಪಾಯ ಇರುವುದು ಆ ಚೊಕ್ಕಟದಲ್ಲೇ. ಮಾಮೂಲಿ ಅಕ್ಷರ ಗುರುತಿಸುವ ತಂತ್ರಾಂಶ ತಪ್ಪಿದರೆ ‘ಷರಮಾತ್ಮ’ ಎಂದು ಕಣ್ಣಿಗೆ ಹೊಡೆಯುವ ತಪ್ಪು ಮಾಡುತ್ತದೆ. ಚಾಟ್ ಎಐ ಓದಲಾಗದ ಜಾಗದಲ್ಲಿ ಸಂದರ್ಭಕ್ಕೆ ಹೊಂದುವ ಬೇರೊಂದು ಪದ ಕೂರಿಸುತ್ತದೆ, ಕೆಲವೊಮ್ಮೆ ಒಂದು ಸಾಲನ್ನೇ ನುಂಗಿ ಮುಂದಕ್ಕೆ ಹೋಗುತ್ತದೆ. ಓದಿದರೆ ಎಲ್ಲವೂ ಸರಾಗ, ಮೂಲದಲ್ಲಿ ಮಾತ್ರ ಅದಿಲ್ಲ. ಇದನ್ನು ಹಿಡಿಯಲು ಕಣ್ಣೋಟದ ಪ್ರೂಫ್ ಸಾಲದು. ಹಳೆಯ ಪ್ರೆಸ್ಸುಗಳಲ್ಲಿ ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್ ನೋಡುವುದು ಎಂಬ ಪದ್ಧತಿ ಇತ್ತಲ್ಲ, ಅದನ್ನೇ ಮತ್ತೆ ಶುರು ಮಾಡಿ. ನಿಮ್ಮಲ್ಲಿ ಇಬ್ಬರು ಆಪರೇಟರ್‌ಗಳಿರುವುದು ಇಲ್ಲಿ ಒದಗುತ್ತದೆ.

ಎಐನಿಂದ ಕಾಗುಣಿತ ತಿದ್ದಿಸುವುದಾದರೆ ಅಪ್ಪಣೆ ಕಟ್ಟುನಿಟ್ಟಾಗಿರಲಿ. ಹೀಗೆ ಬರೆದಿಟ್ಟುಕೊಳ್ಳಿ: ‘ಕೆಳಗಿನ ಪಠ್ಯದಲ್ಲಿ ಕಾಗುಣಿತ ಮಾತ್ರ ತಿದ್ದು. ಪದ ಬದಲಿಸಬೇಡ, ವಾಕ್ಯ ಸೇರಿಸಬೇಡ, ತೆಗೆಯಬೇಡ. ಹೆಸರು ಮತ್ತು ಅಂಕಿಗಳನ್ನು ಮುಟ್ಟಬೇಡ. ಆಡುಮಾತು ಹಾಗೆಯೇ ಇರಲಿ. ತಿದ್ದಿದ ಪ್ರತಿ ಪದವನ್ನು ಹಳೆಯದು, ಹೊಸದು ಎಂದು ಕೊನೆಯಲ್ಲಿ ಪಟ್ಟಿ ಮಾಡು.’ ‘ಆಡುಮಾತು’ ಎಂಬ ಸಾಲು ಇಲ್ಲದಿದ್ದರೆ ಧಾರವಾಡದ ಲೇಖಕರು ಬರೆದ ‘ಹೋಗೂದು, ಬರೂದು’ ಎಲ್ಲವನ್ನೂ ‘ಹೋಗುವುದು, ಬರುವುದು’ ಮಾಡಿ, ಕಥೆಯ ಉಸಿರನ್ನೇ ತೆಗೆದಿಡುತ್ತದೆ. ಅದು ಕೊಟ್ಟ ಪಟ್ಟಿಯನ್ನೂ ನಂಬಬೇಡಿ, ಪಟ್ಟಿಯಲ್ಲಿ ಹೇಳದೆ ಬದಲಿಸಿದ್ದೂ ಇರುತ್ತದೆ. ಮೂಲ ಮತ್ತು ತಿದ್ದಿದ ಫೈಲ್ ಎರಡನ್ನೂ ವರ್ಡ್‌ನ ‘ಕಂಪೇರ್’ ಸೌಲಭ್ಯಕ್ಕೆ ಕೊಟ್ಟರೆ ಬದಲಾದ ಪ್ರತಿ ಅಕ್ಷರ ಬಣ್ಣದಲ್ಲಿ ಕಾಣುತ್ತದೆ. ಒಮ್ಮೆಗೆ ಎರಡು ಪುಟಕ್ಕಿಂತ ಹೆಚ್ಚು ಕೊಡಬೇಡಿ, ಉದ್ದವಾದಷ್ಟೂ ಸಾಲು ನುಂಗುವುದು ಹೆಚ್ಚು.

ಲಗ್ನಪತ್ರಿಕೆಯಲ್ಲಿ ನಿಯಮ ಒಂದೇ: ಚಿತ್ರ ಎಐನಿಂದ, ಅಕ್ಷರ ನಿಮ್ಮಿಂದ. ಹೂವಿನ ಅಂಚು, ಮಂಟಪ, ಬಾಳೆಕಂಬದ ಹಿನ್ನೆಲೆ ಬರೆಸಿಕೊಳ್ಳಿ, ‘ಚಿತ್ರದಲ್ಲಿ ಯಾವ ಅಕ್ಷರವೂ ಬೇಡ’ ಎಂದು ಸೇರಿಸಿ. ಚಿತ್ರ ಬರೆಯುವ ಎಐ ಕನ್ನಡ ಅಕ್ಷರವನ್ನು ಬಿಡಿಸುತ್ತದೆಯೇ ಹೊರತು ಟೈಪ್ ಮಾಡುವುದಿಲ್ಲ. ಈಚೆಗೆ ಸುಧಾರಿಸಿದೆ ನಿಜ, ಆದರೆ ಹತ್ತು ಸಾಲಿನ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಐನೂರು ಪ್ರತಿ ದಂಡ. ದೇವರ ಚಿತ್ರಗಳ ವಿಷಯದಲ್ಲಿ ಕೈ, ಆಯುಧ, ನಾಮ, ವಿಭೂತಿ ಒಂದೊಂದನ್ನೂ ಎಣಿಸಿ ನೋಡಿ. ವಿಭೂತಿ ಇರಬೇಕಾದ ಹಣೆಯಲ್ಲಿ ನಾಮ ಬಂದರೆ ಗಿರಾಕಿ ಮತ್ತೆ ಅಂಗಡಿ ಕಡೆ ತಲೆ ಹಾಕುವುದಿಲ್ಲ.

ಮೊಬೈಲಿನಲ್ಲಿ ಮಾಡಿ ತಂದ ಪತ್ರಿಕೆಯನ್ನು ನೇರ ಮುದ್ರಣಕ್ಕೆ ಹಾಕಲು ಯಾಕೆ ಆಗದು ಎಂಬುದನ್ನು ಗಿರಾಕಿಗೆ ತೋರಿಸಿ ಹೇಳಿ. 5×7 ಇಂಚಿನ ಕಾರ್ಡಿಗೆ 300 ಡಿಪಿಐನಲ್ಲಿ 1500×2100 ಪಿಕ್ಸೆಲ್ ಬೇಕು, ಸುತ್ತ ಕತ್ತರಿಸಲು 3 ಮಿಲಿಮೀಟರ್ ಬಿಟ್ಟರೆ ಇನ್ನೂ ಸ್ವಲ್ಪ ಹೆಚ್ಚು. 1024×1024ರ ಚಿತ್ರ ಆ ಲೆಕ್ಕದಲ್ಲಿ 3.4 ಇಂಚಿಗೆ ಮುಗಿಯುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದರೆ ಇನ್ನಷ್ಟು ಕುಗ್ಗಿರುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಆಫ್‌ಸೆಟ್‌ಗೆ ಇನ್ನೊಂದು ತೊಂದರೆ ಇದೆ. ಚಿತ್ರದೊಳಗಿನ ಕಪ್ಪು ಅಕ್ಷರ ನಾಲ್ಕೂ ಬಣ್ಣ ಸೇರಿ ಆದ ಕಪ್ಪು. ಪ್ಲೇಟು ಒಂದು ಕೂದಲೆಳೆ ಸರಿದರೂ ಸಣ್ಣ ಅಕ್ಷರದ ಸುತ್ತ ಕೆಂಪು, ನೀಲಿ ಅಂಚು ಕಾಣುತ್ತದೆ. ನೀವು ಕೋರೆಲ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಒಂಟಿ ಕಪ್ಪಿನಿಂದ ಮತ್ತೆ ಟೈಪ್ ಮಾಡಿದರೆ ಆ ತಾಪತ್ರಯ ಇಲ್ಲ.

ಒಕ್ಕಣೆಯನ್ನು ಎಐ ಚೆನ್ನಾಗೇ ಬರೆಯುತ್ತದೆ. ಪಂಚಾಂಗ ಮಾತ್ರ ಅದರ ಕೈಗೆ ಕೊಡಬೇಡಿ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ಆ ವರ್ಷ ಫೆಬ್ರವರಿಯ ಮದುವೆಗೆ ವಿಶ್ವಾವಸು ಸಂವತ್ಸರ, ಶಾಲಿವಾಹನ ಶಕ 1947. ಏಪ್ರಿಲ್ ಮದುವೆಗೆ ಪರಾಭವ, 1948. ಎಐ ಇಸವಿ ನೋಡಿ ವರ್ಷಪೂರ್ತಿಗೆ ಒಂದೇ ಹೆಸರು ಹಾಕುವ ಸಂಭವ ಹೆಚ್ಚು. ತಿಥಿ, ನಕ್ಷತ್ರ, ಲಗ್ನವನ್ನು ಪುರೋಹಿತರು ಬರೆದುಕೊಟ್ಟ ಚೀಟಿಯಿಂದಲೇ ತೆಗೆದುಕೊಳ್ಳಿ, ತಾರೀಖಿಗೆ ವಾರ ಹೊಂದುತ್ತದೆಯೇ ಎಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ನೋಡಿ.

ಭಾಷಾಂತರದಲ್ಲಿ ನಿಮಗೆ ನಿಜವಾದ ಅವಕಾಶ ಇದೆ, ತಾಲ್ಲೂಕು ಕಚೇರಿ ಎದುರಿಗೇ ಇರುವುದರಿಂದ. ಗೂಗಲ್ ಟ್ರಾನ್ಸ್‌ಲೇಟ್, ಕೇಂದ್ರ ಸರ್ಕಾರದ ಭಾಷಿಣಿ, ಚಾಟ್ ಎಐಗಳು ಎಲ್ಲವೂ ಸಾದಾ ಪತ್ರವನ್ನು ದಾಟಿಸುತ್ತವೆ. ಜಮೀನಿನ ಕಾಗದ ಬಂದಾಗ ಎಡವುತ್ತವೆ. ಪಹಣಿಯಲ್ಲಿ ‘1-20’ ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು 1.5 ಎಕರೆ. ಇಂಗ್ಲಿಷಿಗೆ ತರುವಾಗ 1.20 ಎಕರೆ ಎಂದಾದರೆ ಕಾಗದದ ಮೇಲೆ 12 ಗುಂಟೆ ಮಾಯ. ಚಕ್ಕುಬಂದಿ, ಖರಾಬು, ಪೋಡಿ, ಬಾಬ್ತು, ಸದರಿ, ಮಜಕೂರು ಇವುಗಳಿಗೆ ಎಐ ಒಂದೇ ಕಾಗದದ ಮೂರು ಕಡೆ ಮೂರು ಬೇರೆ ಬೇರೆ ಇಂಗ್ಲಿಷ್ ಪದ ಹಾಕಿಬಿಡುತ್ತದೆ. ಇದಕ್ಕೆ ಮದ್ದು ನಿಮ್ಮದೇ ಪದಪಟ್ಟಿ. ಕಚೇರಿ ಕಾಗದಗಳಲ್ಲಿ ಬರುವ ನೂರು, ನೂರೈವತ್ತು ಪದಗಳಿಗೆ ಒಪ್ಪಿತ ಇಂಗ್ಲಿಷ್ ಪದ ಬರೆದು, ಪರಿಚಯದ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ, ಪ್ರತಿ ಸಲ ಅಪ್ಪಣೆಯ ಜೊತೆ ಅಂಟಿಸಿ. ಹೆಸರುಗಳ ಕಾಗುಣಿತವನ್ನು ಗಿರಾಕಿಯ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆಯಬೇಕು, ಎಐ ತನಗೆ ಸರಿ ಕಂಡಂತೆ ‘ತಿದ್ದಿರುತ್ತದೆ’.

ಪರಿಶೀಲನೆ ಎರಡು ಸುತ್ತು ಇರಲಿ. ಮೊದಲ ಸುತ್ತಿನಲ್ಲಿ ಅಂಕಿ ಮಾತ್ರ: ಸರ್ವೆ ನಂಬರ್, ವಿಸ್ತೀರ್ಣ, ತಾರೀಖು, ಹಣ, ಒಂದೊಂದಕ್ಕೂ ಕೆಂಪು ಪೆನ್ನಿನ ಗುರುತು. ಎರಡನೆಯ ಸುತ್ತಿನಲ್ಲಿ ವಾಕ್ಯ. ಮೂಲದ ವಾಕ್ಯಗಳಿಗೆ ಮೊದಲೇ ಸಂಖ್ಯೆ ಹಾಕಿ ಕೊಟ್ಟರೆ ಎಲ್ಲಿ ಬಿಟ್ಟುಹೋಗಿದೆ ಎಂಬುದು ಕೂಡಲೇ ಸಿಗುತ್ತದೆ. ‘ಇರುವುದಿಲ್ಲ’, ‘ತಕರಾರಿಲ್ಲ’, ‘ಹೊರತುಪಡಿಸಿ’ ಎಂಬ ಪದಗಳ ಮೇಲೆ ವಿಶೇಷ ಕಣ್ಣಿಡಿ. ಕೋರ್ಟಿಗೆ ಹೋಗುವ ಭಾಷಾಂತರವಾದರೆ ಅದರ ಮೇಲೆ ಯಾರ ಸಹಿ ಬೇಕು ಎಂದು ಗಿರಾಕಿಯ ವಕೀಲರನ್ನು ಕೇಳಿಯೇ ಕೆಲಸ ಹಿಡಿಯಿರಿ.

ಇಲ್ಲಿ ಒಂದು ಗಟ್ಟಿ ಮಾತು. ಗಿರಾಕಿಯ ಆಧಾರ್, ಬ್ಯಾಂಕ್ ಪುಸ್ತಕ, ಕ್ರಯಪತ್ರವನ್ನು ಹಾಗೆಯೇ ಎಐಗೆ ಹಾಕಬೇಡಿ. ಪುಕ್ಕಟೆ ಖಾತೆಗಳಲ್ಲಿ ನೀವು ಅಂಟಿಸಿದ್ದನ್ನು ತರಬೇತಿಗೆ ಬಳಸುವ ಸಾಧ್ಯತೆ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇದ್ದರೆ ಮೊದಲ ದಿನವೇ ನಿಲ್ಲಿಸಿ. ವೈಯಕ್ತಿಕ ಮಾಹಿತಿ ಕಾಪಾಡುವ ಬಗ್ಗೆ 2023ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿದೆ. ಕಾಯ್ದೆ ಪಕ್ಕಕ್ಕಿಟ್ಟರೂ, ಊರಿನಲ್ಲಿ ‘ಅವರ ಅಂಗಡಿಯಿಂದ ಹೊರಗೆ ಹೋಯಿತು’ ಎಂಬ ಮಾತು ಹುಟ್ಟಿದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಕರಾರು ಪತ್ರ ಬರೆಸುವಾಗ ಹೆಸರಿನ ಜಾಗದಲ್ಲಿ ‘ಒಂದನೇ ಪಾರ್ಟಿ’, ‘ಎರಡನೇ ಪಾರ್ಟಿ’, ಅಂಕಿಗಳ ಜಾಗದಲ್ಲಿ ಚುಕ್ಕೆಗಳನ್ನು ಇಟ್ಟು ಒಕ್ಕಣೆ ತೆಗೆದುಕೊಳ್ಳಿ, ನಿಜವಾದ ವಿವರವನ್ನು ನಿಮ್ಮ ಕಂಪ್ಯೂಟರಿನಲ್ಲೇ ತುಂಬಿ. ಶಾಲೆಯ ಪ್ರಶ್ನೆಪತ್ರಿಕೆಯನ್ನು ಪರೀಕ್ಷೆ ಮುಗಿಯುವವರೆಗೆ ಯಾವ ಆನ್‌ಲೈನ್ ಸಾಧನಕ್ಕೂ ಹಾಕಕೂಡದು, ಅದನ್ನು ಕೈಯಲ್ಲೇ ಟೈಪ್ ಮಾಡಿ. ಸಂಜೆ ಅಂಗಡಿ ಮುಚ್ಚುವಾಗ ವಾಟ್ಸಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ಗಿರಾಕಿಗಳ ಕಾಗದ ಅಳಿಸುವುದು ಒಬ್ಬರ ಹೆಸರಿನ ಕೆಲಸವಾಗಲಿ.

ದರದ ವಿಷಯ. ‘ಮಷಿನ್ ಮಾಡಿದ್ದಕ್ಕೆ ಇಷ್ಟು ದುಡ್ಡಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪುಟಕ್ಕೊಂದೇ ದರ ಇಟ್ಟುಕೊಂಡರೆ ಉತ್ತರ ಇರುವುದಿಲ್ಲ. ರಸೀದಿಯಲ್ಲಿ ಅಕ್ಷರ ತೆಗೆಯುವುದು, ಮೂಲದೊಂದಿಗೆ ತಾಳೆ ನೋಡುವುದು, ಪುಟ ಕಟ್ಟುವುದು ಎಂದು ಮೂರು ಸಾಲು ಮಾಡಿ. ಲೆಕ್ಕಕ್ಕೆ ಹಿಡಿಯಿರಿ: ಮೊದಲು ಪುಟಕ್ಕೆ ಟೈಪಿಂಗ್ 25 ನಿಮಿಷ, ತಿದ್ದಲು 5 ನಿಮಿಷ. ಈಗ ಅಕ್ಷರ ತೆಗೆಯಲು 3, ತಾಳೆ ನೋಡಲು ಇಬ್ಬರು ಕೂತು 8, ಅಂದರೆ 16 ಆಳು-ನಿಮಿಷ, ಒಟ್ಟು 19. ಮೂವತ್ತು ನಿಮಿಷದ ಕೆಲಸ ಹತ್ತೊಂಬತ್ತಕ್ಕೆ ಇಳಿದಿದೆ, ಸೊನ್ನೆಗಲ್ಲ. ದರವನ್ನೂ ಅಷ್ಟೇ ಇಳಿಸಿ. ನಿಮ್ಮ ನೋಟ್‌ಬುಕ್ಕಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ತಾಳೆ ನೋಡುವುದು ಬೇಡ ಅನ್ನುವ ಗಿರಾಕಿಗೆ ಬೇಡ, ಆದರೆ ರಸೀದಿಯ ಮೇಲೆ ‘ತಾಳೆ ನೋಡಿಲ್ಲ’ ಎಂದು ಬರೆಯಿರಿ. ಬಹಳ ಜನ ಅದನ್ನು ಓದಿದ ಮೇಲೆ ಆ ಸಾಲಿನ ದುಡ್ಡೂ ಕೊಡುತ್ತಾರೆ. ಮುದ್ರಣಕ್ಕೆ ಹೋಗುವ ಮುಂಚೆ ಕೊನೆಯ ಪ್ರೂಫಿನ ಮೇಲೆ ‘ನೋಡಿ ಒಪ್ಪಿದ್ದೇನೆ’ ಎಂಬ ಸಹಿ, ತಾರೀಖು ಕಡ್ಡಾಯ.

ಆಪರೇಟರ್ ಕಲಿಯಬೇಕಾದದ್ದು ಇಲ್ಲಿ ಬಂದ ಕ್ರಮದಲ್ಲೇ: ಒಂದೆರಡು ವಾರ ಯೂನಿಕೋಡ್ ಮತ್ತು ಪರಿವರ್ತನೆ, ಆಮೇಲೆ ಸ್ಕ್ಯಾನಿನಿಂದ ಅಕ್ಷರ ತೆಗೆದು ತಾಳೆ ನೋಡುವುದು, ಆಮೇಲೆ ಅಪ್ಪಣೆ ಬರೆಯುವುದು, ಕೊನೆಗೆ ಚಿತ್ರ. ದಿನಕ್ಕೆ ಅರ್ಧ ಗಂಟೆ, ಅಂಗಡಿ ವೇಳೆಯಲ್ಲೇ. ರಜೆಯ ದಿನ ಮನೆಯಲ್ಲಿ ಕಲಿತು ಬನ್ನಿ ಅಂದರೆ ಯಾರೂ ಕಲಿಯುವುದಿಲ್ಲ. ಹಿರಿಯರ ಆಸ್ತಿ ವೇಗ ಅಲ್ಲ, ‘ಷರಮಾತ್ಮ’ ಕಂಡ ಕೂಡಲೇ ನಿಲ್ಲುವ ಕಣ್ಣು. ಕಿರಿಯ ಆಪರೇಟರ್ ಸೇವಾ ಸಿಂಧು (ರಾಜ್ಯ ಸರ್ಕಾರದ ಆನ್‌ಲೈನ್ ಸೇವೆಗಳ ತಾಣ) ಅರ್ಜಿ ಮತ್ತು ಸ್ಕ್ಯಾನಿಂಗ್ ಹಿಡಿದರೆ, ತಾಳೆ ಮತ್ತು ಭಾಷಾಂತರದ ಹೊಣೆ ಹಿರಿಯರದ್ದಾಗಲಿ. ಟೈಪ್ ಮಾಡಿದ ಪುಟಕ್ಕೆ ಕಮಿಷನ್ ಕೊಡುತ್ತಿದ್ದರೆ ಅದನ್ನು ತಾಳೆ ನೋಡಿದ ಪುಟಕ್ಕೆ ಬದಲಿಸಿ, ಇಲ್ಲದಿದ್ದರೆ ಹೊಸ ವಿಧಾನದಿಂದ ಅವರ ಸಂಬಳ ಇಳಿಯುತ್ತದೆ, ಅವರು ಕಲಿಯಲು ಹಿಂಜರಿಯುವುದೂ ಸಹಜ. ಇದನ್ನು ಮೊದಲೇ ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ.

ಇನ್ನು ದುಡ್ಡು ಕಟ್ಟುವ ಮಾತು. ಪುಕ್ಕಟೆ ಖಾತೆಯ ದಿನದ ಮಿತಿ ವಾರದಲ್ಲಿ ಮೂರ್ನಾಲ್ಕು ಸಲ ನಡುವೆ ಕೈಕೊಟ್ಟರೆ ಮಾತ್ರ ಒಂದು ತಿಂಗಳ ಚಂದಾ ತೆಗೆದುಕೊಳ್ಳಿ, ವರ್ಷದ್ದು ಬೇಡ. ಅಂಗಡಿಯ ಇಮೇಲ್‌ನಲ್ಲೇ ಖಾತೆ ಇರಲಿ, ಆಪರೇಟರ್‌ನ ಸ್ವಂತ ಖಾತೆಯಲ್ಲಿ ಬೇಡ. ಕೊಳ್ಳುವ ಮುಂಚೆ ನಿಮ್ಮದೇ ಮೂರು ಕಾಗದ, ಅಂದರೆ ಒಂದು ಹಳೆಯ ಅಚ್ಚಿನ ಪುಟ, ಹೆಸರು ತೆಗೆದ ಒಂದು ಪಹಣಿ ವಿವರ, ಒಂದು ಆಡುಮಾತಿನ ಕಥೆ, ಇವನ್ನು ಎರಡು ಮೂರು ಸಾಧನಗಳಿಗೆ ಕೊಟ್ಟು ತಪ್ಪು ಎಣಿಸಿ. ಆರು ತಿಂಗಳಿಗೊಮ್ಮೆ ಅದೇ ಮೂರು ಕಾಗದದಿಂದ ಮತ್ತೆ ಪರೀಕ್ಷೆ ಮಾಡಿ, ಈ ಸಾಧನಗಳು ಅಷ್ಟರಲ್ಲಿ ಬದಲಾಗಿರುತ್ತವೆ.